ತೀರ್ಥಹಳ್ಳಿಯ ವಕೀಲರು ಮತ್ತು ಉಳುವವನ ಕಾನೂನು



ಸಾರ್ವಜನಿಕ ಜೀವನಕ್ಕೆ ಬಂದ ವಕೀಲರೊಬ್ಬರನ್ನು ಕುರಿತು ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದನ್ನು ಕೇಳಿದ ಕೂಡಲೇ ನನಗೆ ಕಡಿದಾಳ್ ಮಂಜಪ್ಪನವರ ಹೆಸರು ಹೊಳೆಯಿತು. ತೀರ್ಥಹಳ್ಳಿಯಲ್ಲಿ ವಕೀಲರಾಗಿದ್ದವರು, ಮೈಸೂರು ರಾಜ್ಯದ ಕಂದಾಯ ಮಂತ್ರಿಯಾಗಿದ್ದವರು, 1956ರಲ್ಲಿ ಕೆಲವು ವಾರ ಮುಖ್ಯಮಂತ್ರಿಯೂ ಆಗಿದ್ದವರು. ಇಷ್ಟು ವಿವರ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕದಲ್ಲೂ ಸಿಗುತ್ತದೆ. ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಅವರದು ಒಂದು ಚಿಕ್ಕ ಸಾಲು. ಆದರೆ ಹಳೆಯ ಮೈಸೂರಿನ ಕಡೆ ಇವತ್ತು ಯಾವ ಗದ್ದೆ ಯಾರ ಹೆಸರಿನಲ್ಲಿದೆ, ಅದು ಅವರಿಗೆ ಹೇಗೆ ಬಂತು ಎಂದು ದಾಖಲೆ ಹಿಡಿದು ಹಿಂದಕ್ಕೆ ಹೋದರೆ, ಅವರು ಕಂದಾಯ ಇಲಾಖೆಯಲ್ಲಿ ಕೂತು ಕೈಹಾಕಿದ ಶಾಸನಗಳಿಗೆ ಹೋಗಿ ಮುಟ್ಟುತ್ತೇವೆ.

ಅವರ ಜೀವನಚರಿತ್ರೆಯನ್ನು ಹುಟ್ಟಿನಿಂದ ಹಿಡಿದು ಹೇಳುವುದಿಲ್ಲ. 'ನನಸಾಗದ ಕನಸು' ಎಂಬ ಆತ್ಮಕಥೆಯನ್ನು ಅವರೇ ಬರೆದಿದ್ದಾರೆ. ಆಸಕ್ತರು ಅದನ್ನೇ ಓದುವುದು ಮೇಲು. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿದವನು. ಆ ಅನುಭವದಿಂದ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಅವರ ಬದುಕಿನ ಕೆಲಸವನ್ನು ನೋಡಬೇಕೆಂದಿದ್ದೇನೆ. ಜಮೀನಿನ ತಗಾದೆ ಬಂದಾಗ ಸಾಬೀತು ಮಾಡುವ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆ? ಕಾನೂನಿನಲ್ಲಿ ಎಷ್ಟು ಉದಾರವಾದ ಮಾತಿದ್ದರೂ ಬಡವನ ಹಣೆಬರಹ ತೀರ್ಮಾನವಾಗುವುದು ಆ ಒಂದು ಹೊಣೆಯಲ್ಲಿ. ರಾಜಧಾನಿಯ ದೊಡ್ಡ ವಕೀಲರಿಗಿಂತ ತಾಲ್ಲೂಕಿನ ವಕೀಲರಿಗೆ ಇದು ಚೆನ್ನಾಗಿ ಗೊತ್ತು ಎಂಬುದು ನನ್ನ ನಂಬಿಕೆ.

ಗೇಣಿ ದಾವೆ ಎಂದರೆ ಹೇಗಿರುತ್ತಿತ್ತು ಎಂದು ಇಲ್ಲಿರುವ ಕಿರಿಯ ವಕೀಲರಿಗೆ ಹೇಳಲೇಬೇಕು. ನಿಮ್ಮಲ್ಲಿ ಬಹಳ ಜನ ಅದನ್ನು ಕಂಡಿರಲಾರಿರಿ. ಒಡೆಯರು ವಾದಿ, ಒಕ್ಕಲು ಪ್ರತಿವಾದಿ. ಗೇಣಿ ಬಾಕಿ ನಿಂತಿದೆ, ಬಾಕಿ ಕೊಡಿಸಿ, ಜಮೀನನ್ನೂ ಬಿಡಿಸಿಕೊಡಿ ಎಂದು ಪ್ರಾರ್ಥನೆ. ವಾದಿಯ ಕಡೆ ಒಕ್ಕಲು ಹೆಬ್ಬೆಟ್ಟು ಒತ್ತಿದ ಗೇಣಿಚೀಟಿ ಇರುತ್ತದೆ, ಮನೆಯ ಲೆಕ್ಕದ ಪುಸ್ತಕ ಇರುತ್ತದೆ, ಕರೆದರೆ ಬಂದು ಸಾಕ್ಷಿ ಹೇಳಲು ಶಾನುಭೋಗರಿರುತ್ತಾರೆ. ಪ್ರತಿವಾದಿಯ ಕಡೆ ಇರುವುದು ಅವನ ಬಾಯಿಮಾತು ಒಂದೇ. ಗೇಣಿ ಅಳೆದು ಹಾಕಿದ್ದಕ್ಕೆ ರಶೀದಿ ಕೇಳುವ ರೂಢಿ ಇರಲಿಲ್ಲ. ಕೇಳುವ ಧೈರ್ಯ ಮಾಡಿದವನಿಗೆ ಮರುವರ್ಷ ಜಮೀನು ಸಿಗುವ ಭರವಸೆಯೂ ಇರಲಿಲ್ಲ. ಅಳೆಯುವ ಕೊಳಗ ಕೂಡ ಒಡೆಯರ ಮನೆಯದೇ. ಅಜ್ಜನ ಕಾಲದಿಂದ ಉತ್ತ ಗದ್ದೆಗೆ ಒಂದೊಂದು ವರ್ಷದ ಚೀಟಿ ಬರೆಸಿಕೊಂಡಿದ್ದರೆ ಕಾಗದದ ಪ್ರಕಾರ ಅವನು ಒಂದು ವರ್ಷದ ಒಕ್ಕಲು. ಮುನ್ಸೀಫರು ಎಷ್ಟೇ ಕರುಣೆಯವರಾಗಿರಲಿ, ಎದುರಿಗಿರುವ ಕಾಗದವನ್ನು ಬದಿಗಿಟ್ಟು ತೀರ್ಪು ಬರೆಯಲು ಅವರಿಗೆ ಬರುತ್ತಿರಲಿಲ್ಲ. ಡಿಕ್ರಿ ಆಗುತ್ತಿತ್ತು, ಅಮೀನ ಬರುತ್ತಿದ್ದ, ಒಕ್ಕಲೆಬ್ಬಿಸುವುದು ಮುಗಿಯುತ್ತಿತ್ತು.

ಇದರಲ್ಲಿ ಯಾರೂ ಕಾನೂನನ್ನು ಮುರಿದಿರಲಿಲ್ಲ ಎಂಬುದನ್ನು ಗಮನಿಸಿ. ಅನ್ಯಾಯವೆಲ್ಲ ಕ್ರಮಬದ್ಧವಾಗಿಯೇ ನಡೆಯುತ್ತಿತ್ತು. ವಕೀಲರ ಫೀಸು ಬರುತ್ತಿದ್ದುದೂ ಬಹುಮಟ್ಟಿಗೆ ಒಡೆಯರ ಮನೆಗಳಿಂದಲೇ. ಇಂಥ ಕೋರ್ಟಿನ ಪಡಸಾಲೆಯಲ್ಲಿ ನಿಂತು ಹೊಟ್ಟೆ ಹೊರೆಯುವ ವಕೀಲನ ಮುಂದೆ ಎರಡು ದಾರಿ. ಕಾಗದವೇ ನ್ಯಾಯ ಎಂದು ಒಪ್ಪಿಕೊಂಡು ಸುಖವಾಗಿರಬಹುದು. ಇಲ್ಲವೆ, ಈ ಕೋರ್ಟಿನಲ್ಲಿ ಕೂತು ಇದನ್ನು ಸರಿ ಮಾಡಲಾಗದು, ಕಾನೂನು ಮಾಡುವ ಜಾಗಕ್ಕೇ ಹೋಗಬೇಕು ಎಂದು ಹೊರಡಬಹುದು. ಪುಣೆಯಲ್ಲಿ ಕಾನೂನು ಓದಿ ಬಂದ ಮಂಜಪ್ಪನವರು ಎರಡನೆಯ ದಾರಿ ಹಿಡಿದರು. ಸ್ವಾತಂತ್ರ್ಯ ಚಳವಳಿ ಅವರಂಥ ಅನೇಕರನ್ನು ಕೋರ್ಟಿನಿಂದ ಹೊರಗೆ ಕರೆತಂದಿತ್ತು. ಚಿತ್ರದುರ್ಗದಲ್ಲಿ ನಿಜಲಿಂಗಪ್ಪನವರು ಸತ್ಯಾಗ್ರಹದಲ್ಲಿ ಪಾಲ್ಗೊಂಡದ್ದಕ್ಕೆ ಕೆಲಕಾಲ ಸನ್ನದನ್ನೇ ಕಳೆದುಕೊಂಡಿದ್ದರು. ಅತ್ತ ಜಮಖಂಡಿಯಲ್ಲಿ ವಕೀಲರಾಗಿದ್ದ ಬಿ.ಡಿ. ಜತ್ತಿಯವರು ಊರಿನ ಪುರಸಭೆಯಿಂದ ಮೇಲೆ ಬಂದವರು. ಮೂವರೂ ಮುಖ್ಯಮಂತ್ರಿಗಳಾದರು. ಮೂವರೂ ಸಣ್ಣ ಊರಿನ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿದ್ದವರು ಎಂಬುದನ್ನು ನಮ್ಮ ವಕೀಲರ ಸಂಘಗಳು ನೆನೆಯುವುದು ಕಡಿಮೆ.

ಆದರೆ ಶಾಸನಸಭೆಗೆ ಹೋದ ವಕೀಲರೇ ಒಕ್ಕಲುಗಳನ್ನು ಉದ್ಧಾರ ಮಾಡಿದರು ಎಂದು ಹೇಳಿದರೆ ಅದು ಚರಿತ್ರೆಗೆ ಮಾಡುವ ದ್ರೋಹ. 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಕ್ಕಲುಗಳು ಸತ್ಯಾಗ್ರಹಕ್ಕೆ ನಿಂತರು. ಬಹುಪಾಲು ದೀವರ ಜನ, ಮುಂದೆ ನಿಂತವರು ಎಚ್. ಗಣಪತಿಯಪ್ಪನವರು. ಕಿಡಿ ಹೊತ್ತಿದ್ದು ನಾನು ಆಗ ಹೇಳಿದ ಕೊಳಗದಿಂದಲೇ: ಗೇಣಿ ಅಳೆಯುವ ಕೊಳಗ ದೊಡ್ಡದು, ನ್ಯಾಯವಾದ ಅಳತೆಯಲ್ಲಿ ಅಳೆಯಿರಿ ಎಂಬ ಒತ್ತಾಯ. ಒಕ್ಕಲುಗಳು ಗುಂಪುಗುಂಪಾಗಿ ಗದ್ದೆಗೆ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಸಂಗತಿ ದೇಶಕ್ಕೆಲ್ಲ ತಿಳಿಯಿತು. ಮರುವರ್ಷದ ಚುನಾವಣೆಯಲ್ಲಿ ಆ ಪಕ್ಷದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು 99 ಸದಸ್ಯರ ಮೈಸೂರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ಬೆಂಚಿಗೆ ಬಂದರು. ಮಂಜಪ್ಪನವರು ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಮಂತ್ರಿಯಾದರು. ಒಂದೇ ಜಿಲ್ಲೆಯ ಇಬ್ಬರು, ಒಬ್ಬರು ಆಡಳಿತ ಪಕ್ಷದಲ್ಲಿ, ಇನ್ನೊಬ್ಬರು ಎದುರು. ಗೋಪಾಲಗೌಡರ ಗುಡುಗು ಇಲ್ಲದಿದ್ದರೆ ಮಂಜಪ್ಪನವರ ಮಸೂದೆಗಳಿಗೆ ಅವರದೇ ಪಕ್ಷದ ಜಮೀನ್ದಾರರು ಅಷ್ಟು ಸುಲಭಕ್ಕೆ ದಾರಿ ಬಿಡುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯ, ಗಟ್ಟಿಯಾದ ಅಭಿಪ್ರಾಯ.

1952ರ ಮೈಸೂರು ಗೇಣಿ ಕಾಯಿದೆ ಗೇಣಿಗೆ ಒಂದು ಮಿತಿ ಹಾಕಿತು, ಒಕ್ಕಲಿಗೆ ಒಂದಿಷ್ಟು ಭದ್ರತೆ ಕೊಟ್ಟಿತು. ಅದನ್ನು ಕೊಂಡಾಡಿ ನಿಲ್ಲುವ ಹಾಗಿಲ್ಲ. ಮಿತಿಗಿಂತ ಹೆಚ್ಚು ಗೇಣಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವನು ಒಕ್ಕಲೇ, ಅವನ ಕೈಯಲ್ಲಿ ಕಾಗದವಿಲ್ಲ ಎಂಬ ಹಳೆಯ ಕಷ್ಟ ಹಾಗೆಯೇ ಉಳಿದಿತ್ತು.

ಹೆಚ್ಚು ಆಳಕ್ಕೆ ಹೋದದ್ದು ಇನಾಂ, ಅಂದರೆ ಉಂಬಳಿ ಭೂಮಿಯ, ರದ್ದತಿಯ ಕಾಯಿದೆಗಳು: ವೈಯಕ್ತಿಕ ಮತ್ತು ಇತರ ಇನಾಮುಗಳದ್ದು 1954ರಲ್ಲಿ, ಧಾರ್ಮಿಕ ಮತ್ತು ದತ್ತಿ ಇನಾಮುಗಳದ್ದು 1955ರಲ್ಲಿ. ಇವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಓದಿದಾಗಲೆಲ್ಲ ಇವನ್ನು ಹಳ್ಳಿಯ ಜಮೀನನ್ನು ಬಲ್ಲವರ ಬುದ್ಧಿ ರೂಪಿಸಿದೆ ಅನ್ನಿಸಿದೆ. ಇನಾಂ ಗ್ರಾಮದಲ್ಲಿ ಉಳುವವರನ್ನೆಲ್ಲ ಈ ಕಾಯಿದೆಗಳು ಒಂದೇ ಗಂಟಿಗೆ ಕಟ್ಟಲಿಲ್ಲ. ಕದೀಂ ಒಕ್ಕಲು, ಶಾಶ್ವತ ಒಕ್ಕಲು, ಅರೆಶಾಶ್ವತ ಒಕ್ಕಲು ಎಂದು ಬಗೆಬಗೆಯಾಗಿ ಗುರುತಿಸಿ, ಒಬ್ಬೊಬ್ಬರಿಗೂ ಯಾವ ಷರತ್ತಿನ ಮೇಲೆ ಜಮೀನು ದಾಖಲಾಗಬೇಕು ಎಂದು ಬೇರೆ ಬೇರೆಯಾಗಿ ಬರೆದವು. ಹೊರಗಿನವರಿಗೆ ಇದು ಕಗ್ಗಂಟು. ಹಳ್ಳಿಯವರಿಗೆ ಹಾಗಲ್ಲ. ಇನಾಂ ಕೊಡುವ ಮುಂಚಿನಿಂದಲೂ ಆ ಮಣ್ಣಿನಲ್ಲಿದ್ದ ಮನೆತನವನ್ನೂ ಮೊನ್ನೆ ಮೊನ್ನೆ ಗೇಣಿಗೆ ಬಂದವನನ್ನೂ ಊರು ಒಂದೇ ಎಂದು ಎಣಿಸುವುದಿಲ್ಲ. ಕಾನೂನೂ ಎಣಿಸಬಾರದು. ಎಲ್ಲರನ್ನೂ ಸಮ ಮಾಡಲು ಹೋಗಿದ್ದರೆ ಇನಾಂದಾರರ ವಕೀಲರು ಕಾಯಿದೆಯನ್ನು ಕೋರ್ಟಿನಲ್ಲಿ ಸುಲಭವಾಗಿ ಬೀಳಿಸುತ್ತಿದ್ದರು.

ಇನ್ನೊಂದು ದಿಟ್ಟತನವನ್ನೂ ಇಲ್ಲಿ ಹೇಳಬೇಕು. ಧಾರ್ಮಿಕ ಇನಾಮುಗಳನ್ನು ಮುಟ್ಟುವುದೆಂದರೆ ಮಠ ಮಂದಿರಗಳ ಭೂಮಿಯನ್ನು ಮುಟ್ಟುವುದು. ಶೃಂಗೇರಿ ಮಠಕ್ಕೆ ಶತಮಾನಗಳಿಂದ ಬಂದಿದ್ದ ಜಾಗೀರೂ ಇದರಲ್ಲಿ ಹೋಯಿತು. ಭಕ್ತಿ ಬೇರೆ, ಭೂಮಿಯ ಹಕ್ಕು ಬೇರೆ ಎಂದು ಮಲೆನಾಡಿನ ಜನಕ್ಕೆ ಬಿಡಿಸಿ ಹೇಳುವುದು ಆ ಕಾಲದಲ್ಲಿ ಸಣ್ಣ ಕೆಲಸವಲ್ಲ. 1957ರ ಚುನಾವಣೆಯಲ್ಲಿ ಮಂಜಪ್ಪನವರು ಶೃಂಗೇರಿ ಕ್ಷೇತ್ರದಿಂದಲೇ ನಿಂತು ಗೆದ್ದರು. ಮಠಕ್ಕೆ ನಡೆದುಕೊಳ್ಳುವ ಜನರೇ ಆ ಕಾಯಿದೆಗಳ ಕಾಲದ ಕಂದಾಯ ಮಂತ್ರಿಗೆ ಓಟು ಹಾಕಿದರು. ಇದನ್ನು ಅವರ ಬದುಕಿನ ದೊಡ್ಡ ಪ್ರಶಸ್ತಿ ಎಂದು ನಾನು ಭಾವಿಸುತ್ತೇನೆ.

ಮುಖ್ಯಮಂತ್ರಿ ಪದವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಅವರು ಆ ಕುರ್ಚಿಯಲ್ಲಿದ್ದರು. ನವೆಂಬರ್ 1ಕ್ಕೆ ಕನ್ನಡನಾಡು ಒಂದಾಯಿತು, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಏಕೀಕರಣಕ್ಕೆ ಮುಂಚಿನ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ ಮಂಜಪ್ಪನವರು.

ಏಕೀಕರಣದೊಂದಿಗೆ ಭೂಮಿಯ ಪ್ರಶ್ನೆ ಹತ್ತು ಪಟ್ಟು ಗೋಜಲಾಯಿತು. ಮುಂಬಯಿ ಕರ್ನಾಟಕದಲ್ಲಿ ಒಂದು ಗೇಣಿ ಕಾಯಿದೆ, ಹೈದರಾಬಾದ್ ಕರ್ನಾಟಕದಲ್ಲಿ ಇನ್ನೊಂದು, ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿಗಳ ಬೇರೆಯೇ ಪದ್ಧತಿ. ಎಲ್ಲಕ್ಕೂ ಒಂದೇ ಕಾನೂನು ತರಲು 1957ರಲ್ಲಿ ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಮರುವರ್ಷ ಜತ್ತಿಯವರೇ ಮುಖ್ಯಮಂತ್ರಿಯಾದರು, ಮಂಜಪ್ಪನವರು ಕಂದಾಯ ಮಂತ್ರಿ. ಮಸೂದೆ 1958ರಲ್ಲಿ ಬಂತು. ಕಾಯಿದೆಯಾದದ್ದು 1961ರಲ್ಲಿ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸಮಿತಿ ಕೂತದ್ದರಿಂದ ಕಾನೂನು ಜಾರಿಯಾಗುವ ತನಕ ಎಂಟು ವರ್ಷ!

ಈ ಎಂಟು ವರ್ಷಗಳನ್ನು ನಾವು ಕ್ಷಮಿಸುವ ಹಾಗಿಲ್ಲ. ಉಳುವವನಿಗೆ ಭೂಮಿ ಕೊಡುವ ಕಾನೂನು ಬರುತ್ತದೆಂದು ಎಂಟು ವರ್ಷ ಡಂಗುರ ಹೊಡೆದರೆ ಒಡೆಯರು ಕೈಕಟ್ಟಿ ಕೂರುತ್ತಾರೆಯೆ? ಒಕ್ಕಲು ತಾನಾಗಿಯೇ ಜಮೀನು ಬಿಟ್ಟುಕೊಟ್ಟಿದ್ದಾನೆ ಎಂದು ಬರೆಸಿಕೊಳ್ಳಬಹುದಿತ್ತು. ಉಳುವವನನ್ನು ಕೂಲಿಯಾಳು ಎಂದು ಲೆಕ್ಕಕ್ಕೆ ಹಾಕಬಹುದಿತ್ತು. ಕಾನೂನು ಜಾರಿಯಾದ ಮೇಲೂ ದಾರಿ ಮುಚ್ಚಲಿಲ್ಲ. ಸ್ವಂತ ಸಾಗುವಳಿ ಮಾಡುತ್ತೇನೆಂದು ಒಡೆಯರು ಗೇಣಿ ಜಮೀನಿನ ಒಂದು ಪಾಲನ್ನು ಮರಳಿ ಪಡೆಯಬಹುದು ಎಂದು ಕಾಯಿದೆಯಲ್ಲೇ ಅವಕಾಶವಿತ್ತು. ವಕೀಲರು ಮಾಡಿದ ಕಾನೂನಿನ ಬಲವೂ ದೋಷವೂ ಇಲ್ಲಿಯೇ ಇದೆ. ಪ್ರತಿಯೊಂದು ಹಕ್ಕಿಗೂ ಒಂದು ವಿನಾಯಿತಿ, ಪ್ರತಿಯೊಂದು ವಿನಾಯಿತಿಗೂ ಒಂದು ವಿವರಣೆ ಬರೆಯುತ್ತಾರೆ. ಎರಡೂ ಕಡೆಗೆ ನ್ಯಾಯ ಮಾಡಬೇಕೆಂಬ ವೃತ್ತಿಯ ಸಂಸ್ಕಾರ ಅವರಿಗೆ ಬೇಡದ ಕಡೆಯಲ್ಲೂ ಅಡ್ಡ ಬಂತು. ಮಂಜಪ್ಪನವರನ್ನು ಎಷ್ಟು ಗೌರವಿಸಿದರೂ ಈ ಮಾತನ್ನು ನುಂಗಿಕೊಳ್ಳಲಾರೆ.

ಆದರೂ ಆ ಕಾಯಿದೆಯ 4ನೆಯ ಕಲಮನ್ನು ಕಿರಿಯರು ತೆಗೆದು ಓದಬೇಕು. ಇನ್ನೊಬ್ಬರ ಜಮೀನನ್ನು ಕಾನೂನುಬದ್ಧವಾಗಿ ಉಳುತ್ತಿರುವವನು, ಅವನು ಒಡೆಯರ ಕುಟುಂಬದವನಾಗಲಿ, ಕೂಲಿಯಾಳಾಗಲಿ, ಸ್ವಾಧೀನ ಪಡೆದ ಅಡಮಾನದಾರನಾಗಲಿ ಆಗಿರದಿದ್ದರೆ, ಗೇಣಿದಾರನೆಂದೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತದೆ. ಚೀಟಿ ಬೇಕೆಂದು ಕೇಳುವುದಿಲ್ಲ. ರಶೀದಿ ಕೇಳುವುದಿಲ್ಲ. ನೇಗಿಲು ಯಾರ ಕೈಯಲ್ಲಿದೆ ಎಂದು ನೋಡುತ್ತದೆ. ಮುನ್ಸೀಫ್ ಕೋರ್ಟಿನಲ್ಲಿ ದಶಕಗಟ್ಟಲೆ ಸೋತ ಒಕ್ಕಲುಗಳ ಸೋಲನ್ನೆಲ್ಲ ಕಂಡವರಿಗೆ ಆ ಒಂದು ವಾಕ್ಯದ ಬೆಲೆ ಗೊತ್ತಾಗುತ್ತದೆ. ಇದರ ಜತೆಗೇ 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯಿದೆಯೂ ಬಂತು. 1963ರ ಫೆಬ್ರವರಿಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋದವು. ಪಹಣಿಯ 12ನೆಯ ಕಾಲಮಿನಲ್ಲಿ ಸಾಗುವಳಿದಾರನ ಹೆಸರು ಬರೆಯುವ ಲೇಖನಿ ಒಂದು ಮನೆತನದ ಕೈಯಿಂದ ಸರ್ಕಾರದ ನೌಕರನ ಕೈಗೆ ಬಂತು. ಆ ಕಾಲಮಿನಲ್ಲಿ ಬರೆದದ್ದು ನಿಜವೆಂದೇ ಕಾನೂನು ಊಹಿಸುತ್ತದೆ, ಸುಳ್ಳೆನ್ನುವವನು ಸಾಬೀತು ಮಾಡಬೇಕು. ಹಾಗಿರುವಾಗ ಬರೆಯುವವರು ಯಾರು ಎಂಬುದು ಭೂಸುಧಾರಣೆಯ ಅರ್ಧ ಜೀವ.

ಈ ಕಾನೂನಿಗೆ ತಿದ್ದುಪಡಿ ತಂದು ಕಟ್ಟಕಡೆಗೆ ಬಿಗಿಮಾಡಿದವರು ಮುಖ್ಯಮಂತ್ರಿ ದೇವರಾಜ ಅರಸರು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಒಡೆಯರ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಒಡೆಯರಿಗೆ ಮರಳಿ ಪಡೆಯುವ ದಾರಿ ಮುಚ್ಚಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ ಉಳಿಯಿತು. ಒಕ್ಕಲು ನಮೂನೆ 7 ತುಂಬಿ ಕೊಟ್ಟರೆ ಸಾಕು. ಅದನ್ನು ತೀರ್ಮಾನಿಸಲು ತಾಲ್ಲೂಕಿಗೊಂದು ಭೂನ್ಯಾಯಮಂಡಳಿ, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಸಿವಿಲ್ ಕೋರ್ಟುಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಂಡಳಿಯ ತೀರ್ಮಾನಕ್ಕೆ ಮೇಲ್ಮನವಿಯೂ ಇರಲಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದು ಎಂದೂ ಆ ತಿದ್ದುಪಡಿ ಹೇಳಿತು. ನಮ್ಮ ವೃತ್ತಿಗೆ ಇದಕ್ಕಿಂತ ನೋವಿನ ಮಾತು ಇನ್ನೊಂದಿಲ್ಲ. ಸಭೆಯಲ್ಲಿ ಎಷ್ಟೋ ವಕೀಲರು ಕೂತಿರುವಾಗಲೇ, ಬಡವನ ಹಕ್ಕು ತೀರ್ಮಾನವಾಗುವ ಕೋಣೆಗೆ ವಕೀಲರು ಬಂದರೆ ಅನ್ಯಾಯವಾಗುತ್ತದೆ ಎಂದು ರಾಜ್ಯದ ಶಾಸನಸಭೆ ತೀರ್ಪು ಕೊಟ್ಟಿತು. 1987ರಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಹೊಡೆದುಹಾಕಿತು. ವಕೀಲರ ಹಕ್ಕು ಸಂಸತ್ತಿನ ಕಾಯಿದೆಯಿಂದ ಬಂದದ್ದು, ಅದನ್ನು ರಾಜ್ಯ ಕಿತ್ತುಕೊಳ್ಳಲಾಗದು ಎಂಬ ತತ್ತ್ವ ಸರಿಯಾದದ್ದೇ. ಆದರೆ ನಿಷೇಧ ಹಾಕಿದವರ ಅನುಮಾನ ಆಧಾರವಿಲ್ಲದ್ದಾಗಿತ್ತೆ? ಆಗಿರಲಿಲ್ಲ. ಎರಡೂ ಕಡೆಗೆ ವಕೀಲರು ಬಂದರೆ ಒಳ್ಳೆಯ ವಕೀಲರು ಹಣವಿದ್ದವರ ಕಡೆಗೇ ಹೋಗುತ್ತಾರೆ, ಒಕ್ಕಲು ಮತ್ತೆ ಕಾಗದದ ಯುದ್ಧಕ್ಕೆ ಬೀಳುತ್ತಾನೆ ಎಂಬುದು ತಾಲ್ಲೂಕು ಕೋರ್ಟು ಕಂಡ ಎಲ್ಲರಿಗೂ ಗೊತ್ತಿದ್ದ ಸತ್ಯ. ಒಡೆಯರು ಹೈಕೋರ್ಟಿಗೆ ರಿಟ್ ಹಾಕಿ ವಕೀಲರನ್ನು ಆ ಬಾಗಿಲಿನಿಂದ ಒಳತಂದರು. ವರ್ಷಗಟ್ಟಲೆ ಮೊಕದ್ದಮೆ ಎಳೆದ ಕಡೆ ಒಕ್ಕಲು ಜಮೀನು ಮಾರಿ ವಕೀಲರ ಫೀಸು ಕೊಟ್ಟ ಮನೆಗಳನ್ನು ನಾನೂ ಕಂಡಿದ್ದೇನೆ.

ಈ ಕಾನೂನಿನಲ್ಲಿ ಉಳಿದ ಕೊರತೆಗಳನ್ನೂ ಹೇಳಬೇಕು. ನಮೂನೆ 7ರಲ್ಲಿ ಹೆಸರು ಬರೆಸಿದವರು ಬಹುಪಾಲು ಮನೆಯ ಗಂಡಸರು. ಅದೇ ಗದ್ದೆಯಲ್ಲಿ ನಾಟಿ ಹಾಕಿದ ಹೆಂಗಸರ ಹೆಸರು ದಾಖಲೆಗೆ ಬರಲಿಲ್ಲ. ಗೇಣಿಯೂ ಸಿಗದೆ ಕೂಲಿಗೇ ಇದ್ದವರಿಗೆ ಕಾನೂನು ಹೆಚ್ಚೇನೂ ಕೊಡಲಿಲ್ಲ. ಕಾಫಿ, ಟೀ, ಏಲಕ್ಕಿ, ರಬ್ಬರ್ ತೋಟಗಳು ಭೂಹಿಡುವಳಿಯ ಮಿತಿಯ ಹೊರಗೆ ಉಳಿದವು. ಹಾಡಿ, ಹಟ್ಟಿ, ತಾಂಡಾಗಳಲ್ಲಿ ಬೇರೆಯವರ ಜಮೀನಿನ ಮೇಲೆ ಗುಡಿಸಲು ಕಟ್ಟಿಕೊಂಡವರಿಗೆ ತಾವು ವಾಸವಿದ್ದ ನೆಲದ ಒಡೆತನ ಕೊಡುವ ತಿದ್ದುಪಡಿಗೆ 2016ರವರೆಗೆ ಕಾಯಬೇಕಾಯಿತು. ಅದನ್ನು ತಂದ ಕಂದಾಯ ಮಂತ್ರಿ ಕಾಗೋಡು ತಿಮ್ಮಪ್ಪನವರು. ಸತ್ಯಾಗ್ರಹ ನಡೆದ ಅದೇ ಕಾಗೋಡಿನವರು, ಸಾಗರದಲ್ಲಿ ವಕೀಲರಾಗಿದ್ದವರು. ಮಂಜಪ್ಪನವರ ಕೆಲಸವನ್ನು ಇನ್ನೊಬ್ಬ ಮಲೆನಾಡಿನ ವಕೀಲರು ಮುಂದುವರಿಸಿದರು ಎಂದು ನಾನು ತಿಳಿದಿದ್ದೇನೆ. 2020ರಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಕಲಮುಗಳನ್ನೇ ಕಿತ್ತುಹಾಕಿದಾಗ, ಕೊಳ್ಳುವವನು ಯಾರು, ಅವನ ಆದಾಯ ಎಷ್ಟು ಎಂದು ಕೇಳುವ ಹೊಣೆಯಿಂದಲೇ ಸರ್ಕಾರ ಕೈತೊಳೆದುಕೊಂಡಿತು. ನನಗೆ ಅದು ಹಿನ್ನಡೆಯಾಗಿ ಕಂಡಿದೆ.

ಈಗ ಈ ಸಭಾಂಗಣದಲ್ಲಿರುವ ವಕೀಲರಿಗೆ ಒಂದು ಕೆಲಸ ತೋರಿಸಿ ಮುಗಿಸುತ್ತೇನೆ. ಮಲೆನಾಡಿನ ತಾಲ್ಲೂಕು ಕಚೇರಿಗಳಲ್ಲಿ ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನ ಅಪ್ಪಣೆಯಿಲ್ಲದ ಸಾಗುವಳಿಯ, ನಮೂನೆ 50, 53, 57ರ ಅರ್ಜಿಗಳು ರಾಶಿ ಬಿದ್ದಿವೆ. ಅವನ್ನು ತೀರ್ಮಾನಿಸುವ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳ ಸ್ಥಿತಿ ಇನ್ನೂ ಕಷ್ಟ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ ಕಾಡಂಚಿಗೆ ಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ತೋರಿಸಬೇಕು ಎನ್ನುತ್ತದೆ ಆ ಕಾಯಿದೆ. ರಶೀದಿಯೇ ಇಲ್ಲದ ಒಕ್ಕಲನ್ನು ರಶೀದಿ ತಾ ಎಂದ ಮುನ್ಸೀಫ್ ಕೋರ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಆದರೆ ಅದೇ ಕಾಯಿದೆಯ 2008ರ ನಿಯಮಗಳಲ್ಲಿ 13ನೆಯ ನಿಯಮವನ್ನು ತೆಗೆದು ನೋಡಿ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎಂದು ಅಲ್ಲಿ ಸ್ಪಷ್ಟವಾಗಿದೆ. ಆ ಹಿರಿಯರು ಈಗ ಎಂಬತ್ತು ತೊಂಬತ್ತರ ವಯಸ್ಸಿನವರು. ಅವರ ಹೇಳಿಕೆಗಳನ್ನು ಸರಿಯಾದ ನಮೂನೆಯಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿಸಿ, ಅರಣ್ಯ ಹಕ್ಕು ಸಮಿತಿಯ ಮುಂದೆ ಇಡುವ ಕೆಲಸಕ್ಕೆ ಈ ಊರಿನ ವಕೀಲರ ಸಂಘ ಮಳೆಗಾಲ ಕಳೆದ ಕೂಡಲೇ ಹಳ್ಳಿಗೆ ಹೊರಡಬೇಕು. ಅದಕ್ಕೆ ಫೀಸು ತೆಗೆದುಕೊಳ್ಳಬಾರದು. ನಾನೂ ಜತೆಗೆ ಬರುತ್ತೇನೆ.